ಬಣ್ಣದ ತಗಡೂ ಹೊಗೆಸೊಪ್ಪಿನ ಕಲೆಯೂ



ನವರಾತ್ರಿ ಸಮೀಪಿಸಿತೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಪಟ್ಟದ ಗೊಂಬೆಗಳೂ, ಮಣ್ಣಿನ ಗೊಂಬೆಗಳೂ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳೂ ಹಳೆಯ ಪಂಚೆಯ ಚೂರುಗಳೊಳಗಿಂದ ಒಂದೊಂದಾಗಿ ಹೊರಬರುತ್ತವೆ. ಅವುಗಳ ಹಿಂದೆಯೇ, ಮೆಟ್ಟಿಲುಗಳ ಮುಂದೆ ರಾಗಿಯ ಪೈರು ಬೆಳೆಸಿ ಮಾಡಿದ ಪುಟ್ಟ ತೋಟದಲ್ಲಿ ನಿಲ್ಲಿಸುವುದಕ್ಕೆಂದು, ತಗಡಿನ ಮೋಟಾರು, ತಗಡಿನ ರೈಲು, ಕೀಲಿ ಕೊಟ್ಟರೆ ತಲೆಯಾಡಿಸುವ ತಗಡಿನ ಹಕ್ಕಿ ಇವೂ ಬರುತ್ತವೆ. ಹೊರಬಂದೊಡನೆ ಮನೆಯವರ ಕಣ್ಣಿಗೆ ಬೀಳುವುದು ಈ ತಗಡಿನ ವಸ್ತುಗಳ ಮಂಕು. ಬಿಳಿಯಿದ್ದುದು ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ, ನೀಲಿಯು ಹಸುರಾಗಿ ಕಾಣುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಧೂಳು ಹೋಗುವುದೇ ಹೊರತು ಮಂಕು ಹೋಗುವುದಿಲ್ಲ. ಮನೆಯಲ್ಲಿ ಬೀಡಿ ಸಿಗರೇಟುಗಳನ್ನು ಸೇದತಕ್ಕವರು ಇದ್ದರೆ, ಅಥವಾ ಹಿಂದೆ ಇದ್ದಿದ್ದರೆ, ಇದು ಪ್ರಾಯಶಃ ಹೊಗೆಸೊಪ್ಪಿನ ಹೊಗೆಯು ವರ್ಷಗಟ್ಟಲೆ ಕುಳಿತು ಮಾಡಿದ ಕೆಲಸ. ಆ ಕಲೆಯನ್ನು ತೆಗೆಯುವುದು ಹೇಗೆ, ಅದಕ್ಕಿಂತಲೂ ಮುಖ್ಯವಾಗಿ, ತೆಗೆಯುತ್ತ ತೆಗೆಯುತ್ತ ಎಲ್ಲಿ ನಿಲ್ಲಿಸಬೇಕು ಎಂಬುದೇ ಇಂದಿನ ನಮ್ಮ ಮಾತಿನ ವಿಷಯ.

ಈ ವಿಚಾರಕ್ಕೆ ನಮ್ಮನ್ನು ಎಳೆದದ್ದು ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆ. ಆ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಕೆಂಪು ಬಣ್ಣದ ಒಂದು ತಗಡಿನ ಮೋಟಾರು. ಗೂಡಿನ ಕೆಳಗೆ ಮನೆಯ ಯಜಮಾನರು ಕುಳಿತುಕೊಳ್ಳುತ್ತಿದ್ದ ಜಾಗ. ಮಗ್ಗದ ಕೆಲಸ ಮುಗಿದ ಮೇಲೆ ಪ್ರತಿ ಸಂಜೆಯೂ ಅವರು ಅಲ್ಲಿ ಕುಳಿತು ಬೀಡಿ ಸೇದುತ್ತಿದ್ದರಂತೆ. ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಮೋಟಾರು ಮಾತ್ರ ಅವರ ಸಂಜೆಗಳನ್ನೆಲ್ಲ ಮೈಮೇಲೆ ಹೊತ್ತುಕೊಂಡು ಗೂಡಿನಲ್ಲಿಯೇ ಇದ್ದಿತು. ಆ ವರ್ಷ ಅದನ್ನು ಗೊಂಬೆಗಳ ಸಾಲಿನಲ್ಲಿ ಇಡಬೇಕೆಂದು ಮನೆಯವರ ಆಸೆ. ಯಜಮಾನರ ಪತ್ನಿಯವರು ಅದನ್ನು ಸೆರಗಿನಲ್ಲಿ ಹಿಡಿದು ತಂದು, “ಹುಣಿಸೇಹಣ್ಣು ಹಾಕಿ ಬೆಳಗಿಬಿಡಲೇನು ಸ್ವಾಮಿ?” ಎಂದು ಕೇಳಿದರು. ಹಿತ್ತಾಳೆಯ ದೀಪಗಳನ್ನು ಅರುವತ್ತು ವರ್ಷ ಹಾಗೆಯೇ ಬೆಳಗಿ ಹೊಳೆಯಿಸಿದ ಕೈ ಅದು. ಆ ಪ್ರಶ್ನೆ ಸಹಜವಾದದ್ದೇ. “ಅದೊಂದನ್ನು ಮಾತ್ರ ಮಾಡಬೇಡಿರಮ್ಮ” ಎಂದು ನಾವು ಹೇಳಿದೆವು. ಏತಕ್ಕೆ ಹಾಗೆ ಹೇಳಿದೆವೆಂಬುದನ್ನು ತಿಳಿಯಬೇಕಾದರೆ, ಹೊಗೆ ಎಂದರೇನು, ಬಣ್ಣ ಎಂದರೇನು, ಎರಡೂ ಒಂದರ ಮೇಲೊಂದು ಹೇಗೆ ಕೂತಿವೆ ಎಂಬ ಮೂರು ಸಂಗತಿಗಳನ್ನು ಅರಿಯಬೇಕು.

ಮೊದಲು ಹೊಗೆಯ ವಿಚಾರ. ಹೊಗೆಸೊಪ್ಪು ಉರಿದಾಗ ಏಳುವುದು ಬರಿಯ ಗಾಳಿಯಲ್ಲ. ಅದರಲ್ಲಿ ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಹನಿಗಳು ತೇಲುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಚಿಕ್ಕವು. ಈ ಹನಿಗಳಲ್ಲಿ ರಾಳದಂತಹ ಅಂಟುದ್ರವ್ಯಗಳಿವೆ. ಇವನ್ನೇ ಒಟ್ಟಾಗಿ ಟಾರು ಎನ್ನುವುದು. ಜೊತೆಗೆ ನಿಕೋಟಿನ್ ಎಂಬ ವಸ್ತುವಿದೆ. 1828 ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಇದನ್ನು ಹೊಗೆಸೊಪ್ಪಿನಿಂದ ಮೊದಲು ಬೇರ್ಪಡಿಸಿದರು. ಶುದ್ಧವಾದ ನಿಕೋಟಿನ್ನಿಗೆ ಬಣ್ಣವಿಲ್ಲ. ಗಾಳಿ ಬೆಳಕುಗಳು ತಾಗುತ್ತ ಬಂದಂತೆ ಅದು ಹಳದಿಯಾಗಿ ಆಮೇಲೆ ಕಂದಾಗುತ್ತದೆ. ಅದು ನೀರಿನಲ್ಲಿ ಸುಲಭವಾಗಿ ಬೆರೆಯುತ್ತದೆ. ಟಾರು ಹಾಗೆ ಬೆರೆಯುವುದಿಲ್ಲ. ಈ ಒಂದು ಭೇದವನ್ನು ಶ್ರೋತೃಗಳು ನೆನಪಿಡಬೇಕಾಗಿ ಕೋರುತ್ತೇವೆ. ಮುಂದೆ ಹೇಳುವ ಕ್ರಮವೆಲ್ಲ ಇದರ ಮೇಲೆಯೇ ನಿಂತಿದೆ. ಬೀಡಿಯು ಚಿಕ್ಕದು, ಅದರ ಹೊಗೆಯೂ ಕಡಿಮೆಯೆಂದು ಹಲವರ ನಂಬಿಕೆ. ಪರೀಕ್ಷೆ ಮಾಡಿ ನೋಡಿದವರ ಮಾತು ಬೇರೆ: ಸಾಧಾರಣ ಸಿಗರೇಟಿಗಿಂತ ಬೀಡಿಯ ಹೊಗೆಯಲ್ಲಿ ನಿಕೋಟಿನ್ನೂ ಟಾರೂ ಹೆಚ್ಚು.

ಆದರೆ ಕಂದು ಬಣ್ಣವೆಲ್ಲವೂ ಹೊಗೆಸೊಪ್ಪಿನದೇ ಎಂದು ತಿಳಿಯಬಾರದು. ಸೌದೆಯ ಒಲೆಯ ಮಸಿಯು ಕಪ್ಪು, ಒಣಕಲು. ಅದನ್ನು ಒದ್ದೆ ಮಾಡಿ ಉಜ್ಜಿದರೆ ಬಣ್ಣದ ಬಿರುಕುಗಳೊಳಕ್ಕೆ ಇಳಿದುಬಿಡುತ್ತದೆ. ಊದುಬತ್ತಿಯ ಹೊಗೆಯೂ ದೀಪದ ಎಣ್ಣೆಯ ಹೊಗೆಯೂ ಜಿಡ್ಡಾಗಿ ಕೂರುತ್ತವೆ. ತುಕ್ಕು ಎಲ್ಲ ಕಡೆಯಲ್ಲಿಯೂ ಸಮವಾಗಿ ಹರಡದೆ ಅಂಚುಗಳಲ್ಲಿ, ಗೀರುಗಳಲ್ಲಿ ಮೊದಲು ತಲೆಯೆತ್ತುತ್ತದೆ. ಅಗಸೆ ಎಣ್ಣೆಯ ಬಿಳಿ ಬಣ್ಣವು ಕತ್ತಲೆಯ ಪೆಟ್ಟಿಗೆಯಲ್ಲಿದ್ದರೆ ತನ್ನಷ್ಟಕ್ಕೆ ತಾನೇ ಹಳದಿಯಾಗುವುದುಂಟು. ಹೊಗೆಸೊಪ್ಪಿನ ಕಲೆಗೆ ಮಾತ್ರ ಮೂರು ಗುರುತುಗಳು: ಅದು ಜೇನಿನಂತೆ ಹೊಂಬಣ್ಣದಿಂದ ಕಂದುಬಣ್ಣದವರೆಗೆ ಇರುತ್ತದೆ, ಬೆರಳಿಗೆ ಅಂಟುತ್ತದೆ, ಒಂದರ ಮುಂದೊಂದು ವಸ್ತು ಬಹುಕಾಲ ನಿಂತಿದ್ದರೆ ಮರೆಯಾಗಿದ್ದ ಭಾಗವು ತಿಳಿಯಾಗಿಯೇ ಉಳಿದಿರುತ್ತದೆ. ನಮ್ಮ ಮೋಟಾರಿನ ಒಂದು ಪಕ್ಕಕ್ಕೆ ಒಂದು ಪುಟ್ಟ ಕುಂಕುಮದ ಭರಣಿಯು ಒರಗಿತ್ತಂತೆ. ಆ ಭರಣಿಯ ಆಕಾರದಲ್ಲಿ ತಗಡಿನ ಮೇಲೆ ಅಚ್ಚ ಕೆಂಪು ಬಣ್ಣವು ಹಾಗೆಯೇ ಉಳಿದಿತ್ತು. ಮಿಕ್ಕ ಮೈಯು ಯಾವ ಬಣ್ಣದ್ದಾಗಿತ್ತೆಂಬುದಕ್ಕೆ ನಮಗೆ ಬೇರೆ ದಾಖಲೆಯೇ ಬೇಕಾಗಲಿಲ್ಲ.

ಎರಡನೆಯದು ಬಣ್ಣದ ವಿಚಾರ. ಆಟಿಕೆಯ ತಗಡೆಂದರೆ ಸಾಮಾನ್ಯವಾಗಿ ತವರದ ತೆಳುಲೇಪವುಳ್ಳ ಕಬ್ಬಿಣದ ಹಾಳೆ. ಮೊದಮೊದಲು ಇದಕ್ಕೆ ಕೈಯಿಂದ ಬಣ್ಣ ಬಳಿಯುತ್ತಿದ್ದರು. 1875 ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ ಎಂಬವರು ಕಲ್ಲಚ್ಚಿನ ಚಿತ್ರವನ್ನು ನೇರವಾಗಿ ಲೋಹಕ್ಕೆ ಒತ್ತದೆ, ನಡುವೆ ಒಂದು ಉರುಳೆಯ ಮೇಲೆ ಪಡೆದು ಅಲ್ಲಿಂದ ತಗಡಿಗೆ ಇಳಿಸುವ ಉಪಾಯಕ್ಕೆ ಹಕ್ಕುಪತ್ರ ಪಡೆದರು. ಅಲ್ಲಿಂದ ಮುಂದೆ ಬಿಸ್ಕತ್ತಿನ ಡಬ್ಬ, ಚಹದ ಡಬ್ಬ, ಆಟಿಕೆ ಎಲ್ಲಕ್ಕೂ ಬಣ್ಣದ ಚಿತ್ರಗಳು ಬಂದುವು. 1881 ರಲ್ಲಿ ಆರಂಭವಾದ ಜರ್ಮನಿಯ ಲೇಮನ್ ಕಾರ್ಖಾನೆಯು ಕೀಲಿ ಕೊಟ್ಟರೆ ಓಡುವ ತಗಡಿನ ಆಟಿಕೆಗಳಿಂದ ಹೆಸರಾಯಿತು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಿಂದ ಹೊರಟ ಆಟಿಕೆಗಳ ತಳದಲ್ಲಿ 1952 ರವರೆಗೂ ಆಕ್ರಮಿತ ಜಪಾನಿನಲ್ಲಿ ತಯಾರಾದುದೆಂಬ ಇಂಗ್ಲಿಷ್ ಮುದ್ರೆಯಿರುವುದುಂಟು. ಸಂಗ್ರಾಹಕರು ಕಾಲವನ್ನು ಗೊತ್ತುಮಾಡುವುದಕ್ಕೆ ಮೊದಲು ಹುಡುಕುವುದು ಈ ಮುದ್ರೆಯನ್ನು. ಹೀಗೆ ಅಚ್ಚಾದ ಬಣ್ಣವು ಕಾಗದಕ್ಕಿಂತಲೂ ತೆಳುವಾದ ಪದರ. ಅದರ ಮೇಲೆ ಒಂದು ವಾರ್ನಿಷು. ವಾರ್ನಿಷಿನ ಮೇಲೆ ಹೊಗೆ. ಆದಕಾರಣ ನಾವು ತೆಗೆಯಬೇಕಾದದ್ದು ಎಲ್ಲಕ್ಕೂ ಮೇಲಿನ ಪದರವೊಂದನ್ನೇ. ಅದರ ಕೆಳಗಿನದು ಒಂದು ಕೂದಲೆಳೆಯಷ್ಟು ಹೋದರೂ ಮತ್ತೆ ಬರುವುದಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಮರೆಮಾಚದೆ ಹೇಳಬೇಕಾಗಿದೆ. ನಮ್ಮ ಮನೆಯಲ್ಲಿ ಒಂದು ಹಳೆಯ ಹೊಲಿಗೆಯ ಯಂತ್ರವಿದ್ದಿತು. ಕಪ್ಪು ಮೈ, ಅದರ ಮೇಲೆ ಹೊಂಬಣ್ಣದ ಬಳ್ಳಿಯ ಚಿತ್ರ. ಸಿಗರೇಟು ಸೇದುವವರ ಕೊಠಡಿಯಲ್ಲಿ ಬಹುಕಾಲವಿದ್ದು ಚಿನ್ನವು ಮಾಸಿದ ತಾಮ್ರದಂತಾಗಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿಯನ್ನು ಅದ್ದಿ ಒರೆಸಿದೆವು. ಹತ್ತಿ ಕಂದಾಯಿತು, ನಮಗೆ ಹಿಗ್ಗು. ಮತ್ತೆ ಒರೆಸಿದೆವು, ಮತ್ತೂ ಒರೆಸಿದೆವು. ಹಿಗ್ಗಿನ ಭರದಲ್ಲಿ ಹತ್ತಿಯನ್ನು ನೋಡುವುದನ್ನು ಬಿಟ್ಟೆವು. ನೋಡುವ ವೇಳೆಗೆ ಬಳ್ಳಿಯ ಅರ್ಧವು ಹತ್ತಿಯ ಮೇಲಿತ್ತು. ಕಾರಣವು ಸರಳವಾದದ್ದು: ಅಂತಹ ಯಂತ್ರಗಳ ಚಿತ್ರದ ಮೇಲೆ ಬಳಿದಿರುವುದು ಅರಗಿನ ವಾರ್ನಿಷು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಕ್ಕೆ ಮೆರುಗು ಕೊಡುವ ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಕೊಂಡೇ ಬಳಿಯುವುದು. ಯಾವ ಬಡಗಿಯನ್ನು ಕೇಳಿದ್ದರೂ ಹೇಳುತ್ತಿದ್ದನು, ನಾವು ಕೇಳಲಿಲ್ಲ. ಆ ಅರ್ಧ ಬಳ್ಳಿಯನ್ನು ನೋಡಿದಾಗಲೆಲ್ಲ ಇಂದಿಗೂ ಮನಸ್ಸಿಗೆ ಸಂಕಟವಾಗುತ್ತದೆ.

ಆದುದರಿಂದ ಬೇಡವಾದವುಗಳನ್ನು ಮೊದಲು ಎಣಿಸುತ್ತೇವೆ. ಹುಣಿಸೇಹಣ್ಣು, ನಿಂಬೆಹಣ್ಣು, ವಿನಿಗರು ಇವು ಆಮ್ಲಗಳು. ಬರಿಯ ಹಿತ್ತಾಳೆ ತಾಮ್ರಗಳ ಕಿಲುಬನ್ನು ಕರಗಿಸುವುದು ಈ ಆಮ್ಲವೇ. ಬಣ್ಣದ ತಗಡಿನಲ್ಲಾದರೋ ಅದು ಗೀರುಗಳೊಳಕ್ಕೆ ಹೊಕ್ಕು ಕಬ್ಬಿಣವನ್ನು ತಿನ್ನುತ್ತದೆ. ತವರದ ಲೇಪವು ಒಂದು ಕಡೆ ಹರಿದಿದ್ದರೆ ಅಲ್ಲಿ ಕಬ್ಬಿಣವು ಬರಿಯ ಕಬ್ಬಿಣಕ್ಕಿಂತಲೂ ಬೇಗ ತುಕ್ಕುಹಿಡಿಯುವುದೆಂಬುದನ್ನೂ ಮರೆಯಬಾರದು. ಅಗಸರ ಸೋಡಾ ಕ್ಷಾರ. ದೊಡ್ಡಬಳ್ಳಾಪುರದವರಿಗೆ ಇದರ ಶಕ್ತಿಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಕಚ್ಚಾ ರೇಷ್ಮೆಯನ್ನು ಸಾಬೂನು ಸೋಡಾಗಳಲ್ಲಿ ಕುದಿಸಿ ಅದರ ಗೋಂದನ್ನು ತೆಗೆಯುವ ಕ್ರಮವನ್ನು ನೇಕಾರರು ಬಲ್ಲರು. ಅದೇ ಕ್ಷಾರವು ಎಣ್ಣೆಯ ಬಣ್ಣಕ್ಕೆ ತಾಗಿದರೆ ಅದರ ಎಣ್ಣೆಯನ್ನು ಸಾಬೂನನ್ನಾಗಿ ಮಾಡಿ ಬಣ್ಣವನ್ನೇ ಸಡಿಲಿಸುತ್ತದೆ. ಬೂದಿ, ವಿಭೂತಿ, ಇಟ್ಟಿಗೆಯ ಪುಡಿ, ಹಲ್ಲುಜ್ಜುವ ಪೇಸ್ಟು, ತೆಂಗಿನ ನಾರು, ಈಚೆಗೆ ಅಂಗಡಿಗಳಲ್ಲಿ ದೊರೆಯುವ ಬಿಳಿಯ ಮೆಲಮಿನ್ ಸ್ಪಂಜು, ಇವೆಲ್ಲ ಉಜ್ಜಿ ಸವೆಯಿಸತಕ್ಕವು. ಸೀಮೆಎಣ್ಣೆಯು ಜಿಡ್ಡನ್ನು ಬಿಡಿಸಿ ತನ್ನ ಜಿಡ್ಡನ್ನೂ ವಾಸನೆಯನ್ನೂ ಬಿಟ್ಟುಹೋಗುತ್ತದೆ. ಬೆಂಕಿಯ ಭಯ ಬೇರೆ. ಸ್ಪಿರಿಟ್ಟಿನ ಕಥೆಯನ್ನು ಆಗಲೇ ಹೇಳಿದೆವು. ಉಗುರುಬಣ್ಣ ತೆಗೆಯುವ ದ್ರಾವಣವು ಅದಕ್ಕಿಂತಲೂ ಕ್ರೂರವಾದದ್ದು.

ವಸ್ತುವಿನ ಕ್ಷೇಮದಷ್ಟೇ ಮನುಷ್ಯರ ಕ್ಷೇಮವನ್ನೂ ನೋಡಬೇಕು. ದೊಡ್ಡಬಳ್ಳಾಪುರದ ಆ ಮನೆಯಲ್ಲಿ ಮೂರು ವರ್ಷದ ಮೊಮ್ಮಗನೊಬ್ಬನಿದ್ದನು. ಮೋಟಾರು ಕಂಡ ಕೂಡಲೆ ಅವನು ಕೈ ಚಾಚಿದನು. ಹಿಂದಿನ ಕಾಲದ ಬಣ್ಣಗಳಲ್ಲಿ, ಮುಖ್ಯವಾಗಿ ಬಿಳಿ, ಹಳದಿ, ಕೆಂಪುಗಳಲ್ಲಿ, ಸೀಸವಿರುವುದು ಸಾಧಾರಣ. ಮಕ್ಕಳ ಮೆದುಳಿಗೆ ಸೀಸವು ವಿಷ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ಕೇಂದ್ರ ಸರ್ಕಾರವು ನಿಯಮ ಮಾಡಿದ್ದು 2016 ರಲ್ಲಿ. ನಮ್ಮ ಅಜ್ಜಂದಿರ ಕಾಲದ ಆಟಿಕೆಗಳಿಗೆ ಅಂತಹ ಯಾವ ಕಟ್ಟೂ ಇರಲಿಲ್ಲ. ಹೊಗೆಯ ಪದರವೂ ನಿರುಪದ್ರವಿಯಲ್ಲ. ವಸ್ತುಗಳ ಮೇಲೆ ಕೂತ ನಿಕೋಟಿನ್, ಮನೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್ ಬರಿಸತಕ್ಕ ವಸ್ತುಗಳಾಗಿ ಮಾರ್ಪಡುತ್ತದೆಂಬುದನ್ನು ಅಮೆರಿಕದ ಬರ್ಕ್ಲಿಯ ಪ್ರಯೋಗಶಾಲೆಯವರು 2010 ರಲ್ಲಿ ತೋರಿಸಿಕೊಟ್ಟರು. ಆದುದರಿಂದ ಈ ಕೆಲಸಕ್ಕೆ ಕೂರುವಾಗ ತೆಳುವಾದ ಕೈಚೀಲಗಳನ್ನು ತೊಡಬೇಕು. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು. ಬಣ್ಣವನ್ನು ಕೆರೆಯುವುದಾಗಲಿ ಉಪ್ಪುಕಾಗದದಿಂದ ತಿಕ್ಕುವುದಾಗಲಿ ಕೂಡದು. ಬಳಸಿದ ಹತ್ತಿಯನ್ನು ಕಟ್ಟಿ ಎಸೆಯಬೇಕು. ಕೊನೆಗೆ ಸಾಬೂನಿನಿಂದ ಕೈತೊಳೆಯಬೇಕು.

ಇನ್ನು ಕ್ರಮ. ಕೆಲಸಕ್ಕೆ ಮುಂಚೆ ಎಲ್ಲ ಪಕ್ಕಗಳಿಂದಲೂ ಛಾಯಾಚಿತ್ರ ತೆಗೆದಿಡಬೇಕು. ಬಳಿಕ ಚಿತ್ರಕಾರರು ಬಳಸುವ ಮೆತ್ತನೆಯ ಕುಂಚದಿಂದ ಒಣ ಧೂಳನ್ನು ಕೊಡವಬೇಕು. ಧೂಳಿನಲ್ಲಿ ಮರಳಿನ ಕಣಗಳಿರುವುದರಿಂದ ಅದನ್ನು ಬಿಟ್ಟು ಒದ್ದೆಬಟ್ಟೆ ಹಾಕಿದರೆ ಗೀರು ಬೀಳುವುದು ನಿಶ್ಚಯ. ಬಣ್ಣವು ಎಲ್ಲಿಯಾದರೂ ಹಪ್ಪಳದಂತೆ ಎದ್ದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಬಲ್ಲವರ ಕೈಗೆ ಒಪ್ಪಿಸತಕ್ಕದ್ದು. ಮೈಸೂರಿನಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಶಾಲೆಯೊಂದು ಸ್ಥಾಪಿತವಾದದ್ದರಿಂದ ಈ ವಿದ್ಯೆಯನ್ನು ಕಲಿತವರು ನಮ್ಮ ನಾಡಿನಲ್ಲಿ ಇಲ್ಲದೆ ಇಲ್ಲ.

ಬಣ್ಣವು ಗಟ್ಟಿಯಾಗಿದ್ದರೆ, ಬಿದಿರಿನ ಕಡ್ಡಿಯ ತುದಿಗೆ ಬಿಳಿಯ ಹತ್ತಿಯನ್ನು ಸುತ್ತಿಕೊಳ್ಳಬೇಕು. ನೀರು ಭಟ್ಟಿಯಿಳಿಸಿದ್ದಾಗಿರಬೇಕು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಈ ತಾಲ್ಲೂಕುಗಳಲ್ಲಿ ಹೆಚ್ಚಾಗಿ ದೊರೆಯುವುದು ಆಳವಾದ ಕೊಳವೆ ಬಾವಿಯ ಗಡಸು ನೀರು. ಅದು ಆರಿದ ಕಡೆ ಸುಣ್ಣದ ಬಿಳಿಯ ಕಲೆ ನಿಲ್ಲುತ್ತದೆ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತೇವ ಮಾತ್ರ ಉಳಿಸಿಕೊಂಡು, ವಸ್ತುವಿನ ತಳದಲ್ಲಿ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲು ಇಟ್ಟು ನೋಡಬೇಕು. ಉಜ್ಜಬಾರದು, ಲಟ್ಟಣಿಗೆಯನ್ನು ಉರುಳಿಸಿದ ಹಾಗೆ ಮೆಲ್ಲನೆ ಉರುಳಿಸಬೇಕು. ಆಮೇಲೆ ಹತ್ತಿಯನ್ನು ಬೆಳಕಿಗೆ ಹಿಡಿಯಬೇಕು. ಈ ಕೆಲಸದಲ್ಲಿ ಸಾಕ್ಷಿ ಹೇಳುವುದು ಹತ್ತಿಯೇ. ಹತ್ತಿಯ ಮೇಲೆ ಜೇನಿನ ಬಣ್ಣ ಬಂದಿದ್ದರೆ ಅದು ಹೊಗೆ, ಮುಂದುವರಿಯಬಹುದು. ಕೆಂಪೋ ಹಸುರೋ ನೀಲಿಯೋ ಬಂದಿದ್ದರೆ ಅದು ಬಣ್ಣ; ಆ ಕ್ಷಣವೇ ನಿಲ್ಲಿಸಬೇಕು. ಏನೂ ಬಾರದೆ ಹಳದಿಯು ಹಾಗೆಯೇ ಇದ್ದರೆ ಅದು ಪ್ರಾಯಶಃ ವಯಸ್ಸಾದ ವಾರ್ನಿಷಿನ ಹಳದಿ. ಅದು ವಸ್ತುವಿನದೇ ಒಡವೆ, ಹೊಗೆಯದಲ್ಲ. ಅದರ ತಂಟೆಗೆ ಹೋಗಬಾರದು. ನಾವು ಹೊಲಿಗೆಯ ಯಂತ್ರದಲ್ಲಿ ಕೇಳದೆ ಹೋದದ್ದು ಈ ಸಾಕ್ಷಿಯನ್ನೇ.

ಬರಿಯ ನೀರು ನಿಕೋಟಿನ್ನನ್ನೂ ಒಂದಷ್ಟು ಕೊಳೆಯನ್ನೂ ತೆಗೆದುಕೊಂಡು ಬರುತ್ತದೆ. ಟಾರಿನ ಅಂಟು ಉಳಿದಿದ್ದರೆ ಎರಡನೆಯ ಉಪಾಯವೊಂದುಂಟು. ಅದನ್ನು ಕೇಳಿ ನಮ್ಮ ಹಿರಿಯರು ಮೂಗು ಮುರಿದಾರು. ಅದು ಎಂಜಲು. ಚಿತ್ರಗಳನ್ನೂ ಚಿನ್ನದ ಲೇಪದ ವಿಗ್ರಹಗಳನ್ನೂ ಶುಚಿಮಾಡುವ ಕುಶಲರು ಹತ್ತಿಯನ್ನು ತಮ್ಮ ಉಗುಳಿನಿಂದಲೇ ಒದ್ದೆಮಾಡಿಕೊಂಡು ಕೆಲಸ ಮಾಡುವುದು ಹಳೆಯ ರೂಢಿ. 1990 ರಲ್ಲಿ ಪೋರ್ಚುಗಲ್ಲಿನ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿ, ಉಗುಳಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವೇ ಈ ಗುಣಕ್ಕೆ ಮುಖ್ಯ ಕಾರಣವೆಂದು ತೋರಿಸಿದರು. ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದು ಕೊಡುವ ಇಗ್ ನೊಬೆಲ್ ಬಹುಮಾನವು 2018 ರಲ್ಲಿ ಅವರಿಗೆ ಸಂದಿತು. ಎಂಜಲೆಂದು ಅಸಹ್ಯಪಡುವವರು ಇದನ್ನು ಬಿಡಬಹುದು. ಮಾಡುವವರಾದರೆ ಒಂದು ಮಾತನ್ನು ಮರೆಯಬಾರದು: ಒಮ್ಮೆ ವಸ್ತುವಿಗೆ ತಾಗಿದ ಕಡ್ಡಿಯನ್ನು ಮತ್ತೆ ಬಾಯಿಯ ಹತ್ತಿರ ತರಕೂಡದು, ಸೀಸದ ಮಾತನ್ನು ಆಗಲೇ ಹೇಳಿದ್ದೇವೆ.

ಮೂರನೆಯ ಉಪಾಯವು ಮಾರ್ಜಕ. ಕಾಲು ಲೀಟರು ಭಟ್ಟಿಯಿಳಿಸಿದ ನೀರಿಗೆ ಬಣ್ಣವೂ ವಾಸನೆಯೂ ಇಲ್ಲದ, ಕ್ಷಾರವಲ್ಲದ ಸೌಮ್ಯವಾದ ದ್ರವ ಮಾರ್ಜಕ ಎರಡು ಮೂರು ತೊಟ್ಟು ಸಾಕು. ಎಣ್ಣೆಯನ್ನೂ ನೀರನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಮಾರ್ಜಕಕ್ಕಿದೆ. ನೀರಿಗೆ ಸಿಕ್ಕದ ಟಾರನ್ನು ಅದು ನೀರಿಗೆ ಒಪ್ಪಿಸುತ್ತದೆ. ಒಂದು ರೂಪಾಯಿಯ ಅಗಲದಷ್ಟು ಜಾಗವನ್ನು ಒಂದು ಸಲಕ್ಕೆ ಹಿಡಿದು, ಹತ್ತಿಯನ್ನು ಉರುಳಿಸಿ, ಕೂಡಲೇ ಬರಿಯ ನೀರಿನ ಹತ್ತಿಯಿಂದ ಎರಡು ಬಾರಿ ತೊಡೆದು, ಒಣಹತ್ತಿಯಿಂದ ತೇವವನ್ನು ಹೀರಿಸಿ, ಆಮೇಲೆ ಪಕ್ಕದ ಜಾಗಕ್ಕೆ ಹೋಗಬೇಕು. ಹತ್ತಿಯು ಕೊಳೆಯಾದ ಕೂಡಲೇ ಬದಲಾಯಿಸಬೇಕು. ಇಲ್ಲಿ ಜಿಪುಣತನ ಸಲ್ಲದು. ವಸ್ತುವನ್ನು ನೀರಿನಲ್ಲಿ ಮುಳುಗಿಸುವುದು ಎಂದಿಗೂ ಕೂಡದು. ತಗಡಿನ ಮಡಿಕೆಗಳಲ್ಲಿ ನಿಂತ ನೀರು ಕಣ್ಣಿಗೆ ಬೀಳದೆ ತುಕ್ಕಾಗುತ್ತದೆ. ಕೀಲಿಯ ಸುರುಳಿಯಂತೂ ಮತ್ತೆ ತಿರುಗದು. ಆರಿಸುವುದಕ್ಕೆ ಬಿಸಿಲು ಬೇಡ, ನೆರಳಿನ ಗಾಳಿ ಸಾಕು. ವಾಸನೆ ಉಳಿದಿದ್ದರೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ವಸ್ತುವಿಗೆ ತಾಗದಂತೆ, ಒಂದು ಬಟ್ಟಲು ಇದ್ದಿಲಿನೊಡನೆ ಕೆಲವು ವಾರ ಇಡಬಹುದು.

ಎಲ್ಲ ವಸ್ತುಗಳಿಗೂ ಒಂದೇ ನ್ಯಾಯವಲ್ಲ. ನೆಲಮಂಗಲ, ಹೊಸಕೋಟೆಗಳ ದಾರಿಬದಿಯ ಹಳೆಯ ಅಂಗಡಿಗಳಲ್ಲಿ ತೂಗುತ್ತಿದ್ದಂತಹ ಎನಾಮೆಲ್ ಫಲಕಗಳನ್ನು ಸಂಗ್ರಹಿಸುವವರಿದ್ದಾರೆ. ಅವುಗಳ ಬಣ್ಣವು ಬಳಿದದ್ದಲ್ಲ. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಕುಲುಮೆಯಲ್ಲಿ ಕರಗಿಸಿ ಕೂಡಿಸಿದ್ದು. ಗಾಜಿನಂತೆಯೇ ಅದು ಮಾರ್ಜಕದ ನೀರಿಗೆ ಹೆದರುವುದಿಲ್ಲ. ಚಕ್ಕೆಯೆದ್ದ ಅಂಚುಗಳಲ್ಲಿ ಮಾತ್ರ ನೀರು ನಿಲ್ಲದಂತೆ ನೋಡಿಕೊಂಡರಾಯಿತು. ಇದಕ್ಕೆ ವಿರುದ್ಧವಾದದ್ದು ಎರಕದ ಪುಟ್ಟ ಮೋಟಾರುಗಳ ಸ್ಥಿತಿ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮೆಕ್ಯಾನೋ ಕಂಪೆನಿಯವರು 1934 ರಿಂದ ಡಿಂಕಿ ಎಂಬ ಹೆಸರಿನಲ್ಲಿ ಮಾರಿದ ಆಟಿಕೆಗಳು ಸತುವಿನ ಮಿಶ್ರಲೋಹದವು. ಆ ಕಾಲದ ಸತುವಿನಲ್ಲಿ ಸೀಸದ ಬೆರಕೆಯಿದ್ದರೆ ಲೋಹವು ಒಳಗಿನಿಂದಲೇ ಬಿರಿದು, ಉಬ್ಬಿ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ತೇವವು ಈ ರೋಗವನ್ನು ಬೆಳೆಸುತ್ತದೆ. ಇದಕ್ಕೆ ಮದ್ದಿಲ್ಲ. ಅಂತಹ ಬಿರುಕು ಕಂಡ ವಸ್ತುವಿಗೆ ನೀರನ್ನು ತೋರಿಸದೆ ಒಣ ಕುಂಚದಿಂದಲೇ ತೃಪ್ತಿಪಡಬೇಕು.

ದೊಡ್ಡಬಳ್ಳಾಪುರದ ಮೋಟಾರಿಗೆ ನಾಲ್ಕು ಸಂಜೆಗಳು ಹಿಡಿದುವು. ಮೊದಲನೆಯ ಸಂಜೆ ಬಾಗಿಲಿನ ಕೆಂಪು ಕಂಡಿತು. ಎರಡನೆಯ ಸಂಜೆ ಕಿಟಕಿಯಲ್ಲಿ ಅಚ್ಚಾಗಿದ್ದ ಒಂದು ಪುಟ್ಟ ಮುಖವು ಕಂಡಿತು. ಆ ಮುಖವಿದೆಯೆಂಬುದೇ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊಮ್ಮಗನು ಬಾಗಿಲ ಮರೆಯಿಂದ ಅದನ್ನು ನೋಡಿ ಕೈತಟ್ಟಿದನು. ನಾಲ್ಕನೆಯ ಸಂಜೆ ಮೇಲ್ಭಾಗವೆಲ್ಲ ಮುಗಿದು, ಮೋಟಾರನ್ನು ತಳ ಮೇಲಾಗಿ ತಿರುಗಿಸಿ, ಹೊಸ ಹತ್ತಿಯನ್ನು ಸುತ್ತಿಕೊಳ್ಳುತ್ತಿದ್ದೆವು. ಯಜಮಾನರ ಪತ್ನಿಯವರು ಬಂದು ನಿಂತರು. “ಅಷ್ಟು ಸಾಕು ಬಿಡಿ ಸ್ವಾಮಿ. ತಳದಲ್ಲಿರೋದು ಹಂಗೇ ಇರ್ಲಿ. ಅವರ ಕೈ ವಾಸನೆ ಅದು” ಎಂದರು.

ನಾವು ಮರುಮಾತಾಡಲಿಲ್ಲ. ಅವರಿಗೆ ತಿಳಿದೋ ತಿಳಿಯದೆಯೋ, ಅವರು ಹೇಳಿದ್ದು ಈ ವಿದ್ಯೆಯ ಒಂದು ಹಳೆಯ ಸೂತ್ರವನ್ನೇ. ಶುಚಿಮಾಡಿದ ವಸ್ತುವಿನಲ್ಲಿ ಒಂದು ಚಿಕ್ಕ ಭಾಗವನ್ನು ಮುಟ್ಟದೆ ಬಿಡುವುದು ಸಂರಕ್ಷಕರಲ್ಲಿ ರೂಢಿಯಾಗಿದೆ. ಮೊದಲು ಹೇಗಿತ್ತು, ಏನನ್ನು ತೆಗೆದರು ಎಂಬುದನ್ನು ಮುಂದಿನವರು ಅದರಿಂದ ಅರಿಯಬಹುದು. ಮಗುವಿನ ಚಿಂತೆಗೆ ಪರಿಹಾರವೂ ಇತ್ತು. ಗಟ್ಟಿಯಾದ ಬಣ್ಣದ ಮೇಲೆ ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಸೂಕ್ಷ್ಮಸ್ಫಟಿಕ ಮೇಣವನ್ನು ಬಹು ತೆಳುವಾಗಿ ಸವರಿ, ಮೋಟಾರನ್ನು ಗಾಜಿನ ಬಾಗಿಲಿನ ಬೀರುವಿನೊಳಗೆ ಇಡುವಂತೆ ಏರ್ಪಡಿಸಿದೆವು. ನವರಾತ್ರಿಯಲ್ಲಿ ಅದು ಮಗುವಿನ ಕೈಗೆ ಎಟುಕದಂತೆ ಮೇಲಿನ ಮೆಟ್ಟಿಲಿನಲ್ಲಿ ನಿಂತಿತು. ಮಗುವಿನ ಕೈಗೆ ಚನ್ನಪಟ್ಟಣದ ಮರದ ಬಂಡಿಯೊಂದು ಬಂದಿತು.

2008 ರ ಅಕ್ಟೋಬರ್ 2 ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವು ನಿಷಿದ್ಧವಾಗಿದೆ. ಮನೆಯೊಳಗಿನ ಹೊಗೆಗೆ ಕಾನೂನಿಲ್ಲ. ಅಲ್ಲಿ ನಮ್ಮ ವಿವೇಕವೇ ಕಾನೂನು. ಅದೇ 2008 ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಈ ಸೀಮೆಯ ಮುಖವೇ ಬದಲಾಗುತ್ತಿದೆ. ಹಳೆಯ ಮನೆಗಳನ್ನು ಕೆಡವಿ ಕಟ್ಟುವಾಗ ಹೂವಿನ ಚಿತ್ರದ ಟ್ರಂಕುಗಳೂ, ಡಬ್ಬಗಳೂ, ಆಟಿಕೆಗಳೂ ಮಂಕಾಗಿವೆಯೆಂಬ ಒಂದೇ ಕಾರಣದಿಂದ ಗುಜರಿಯವನ ತಕ್ಕಡಿಗೆ ಬೀಳುತ್ತವೆ. ಅಂತಹ ಒಂದು ವಸ್ತುವು ತಮ್ಮ ಅಟ್ಟದ ಮೇಲಿದ್ದರೆ, ಎಸೆಯುವುದಕ್ಕೆ ಮುಂಚೆ ಒಂದು ಹಿಡಿ ಹತ್ತಿಯನ್ನೂ ಒಂದು ಬಟ್ಟಲು ಶುದ್ಧವಾದ ನೀರನ್ನೂ ತೆಗೆದುಕೊಂಡು ಅದರ ತಳದ ಒಂದು ಮೂಲೆಯನ್ನು ಪರೀಕ್ಷಿಸಬೇಕೆಂದು ಶ್ರೋತೃಗಳಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಹತ್ತಿಯು ಏನು ಹೇಳುವುದೋ ಅದನ್ನು ಕೇಳಿರಿ. ಅದು ಸಾಕೆಂದಾಗ ನಿಲ್ಲಿಸಿರಿ.